ಹೆಬ್ಬೆರಳಿನಿಂದ ಶುರುಮಾಡೋಣ: ಅಂಗೈಯಲ್ಲಿ ಸ್ವಭಾವ ಓದುವ ಬಗೆ

ಅಂಗೈ ಚಾಚಿದ ಕೂಡಲೇ ಬರುವ ಪ್ರಶ್ನೆಗಳು ನಿಮಗೆಲ್ಲ ಗೊತ್ತೇ ಇವೆ. ಆಯುಷ್ಯ ಎಷ್ಟು, ಮದುವೆ ಯಾವಾಗ, ದುಡ್ಡು ಕೈಯಲ್ಲಿ ನಿಲ್ಲುತ್ತದೆಯೇ. ಇವತ್ತು ಈ ಮೂರನ್ನೂ ಪಕ್ಕಕ್ಕಿಡೋಣ. ಹಸ್ತಸಾಮುದ್ರಿಕದಲ್ಲಿ ಫಲ ಹೇಳುವ ಭಾಗ ಒಂದು, ಸ್ವಭಾವ ಹೇಳುವ ಭಾಗ ಇನ್ನೊಂದು. ಈ ಎರಡನೆಯದರಲ್ಲಿ ಕಲಿಯುವುದಕ್ಕೆ ಬೇಕಾದಷ್ಟಿದೆ, ಎಡವುವುದಕ್ಕೂ ಅಷ್ಟೇ ಜಾಗಗಳಿವೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಅಂಗೈಯ ಗೆರೆಗೂ ಮನುಷ್ಯನ ಗುಣಕ್ಕೂ ನಂಟಿದೆ ಎಂದು ವಿಜ್ಞಾನ ಸಾಬೀತುಪಡಿಸಿಲ್ಲ. ದೊಡ್ಡ ಗೆರೆಗಳು ಗರ್ಭದ ಮೂರನೇ ತಿಂಗಳ ಆಸುಪಾಸಿನಲ್ಲೇ ಮೂಡಿರುತ್ತವೆ. ಕೈ ಮಡಚುವಾಗ ಚರ್ಮ ಬಾಗುವ ಜಾಗಗಳು ಅವು. ಆದ್ದರಿಂದ ಮುಂದೆ ‘ಈ ಗುರುತಿಗೆ ಈ ಸ್ವಭಾವ’ ಎಂದಾಗಲೆಲ್ಲ, ಸಾಮುದ್ರಿಕದ ಪರಂಪರೆ ಹಾಗೆ ಓದುತ್ತದೆ ಎಂದೇ ತಿಳಿಯಿರಿ. ಎದುರಿಗೆ ಕೂತವರಿಗೂ ಇದನ್ನು ಬಾಯಿಬಿಟ್ಟು ಹೇಳಬೇಕು. ನಂಬಿ ಚಾಚಿದ ಕೈಗೆ ಅಷ್ಟು ಮರ್ಯಾದೆ ಸಲ್ಲಲೇಬೇಕು.

ನಾವು ಪಾಲಿಸುವ ನಿಯಮ ಒಂದೇ: ಒಂದು ಗುಣವನ್ನು ಹೇಳಬೇಕಾದರೆ ಮೂರು ಸಾಕ್ಷಿ ಬೇಕು. ಹೆಬ್ಬೆರಳು ಒಂದು, ಕೈಯ ಆಕಾರ ಮತ್ತು ಬೆರಳುಗಳು ಇನ್ನೊಂದು, ಗೆರೆ ಮೂರನೆಯದು. ಒಂದೇ ಸಾಕ್ಷಿ ಸಿಕ್ಕರೆ ಅದನ್ನು ಪ್ರಶ್ನೆಯಾಗಿ ಕೇಳಬಹುದು, ತೀರ್ಪಾಗಿ ಕೊಡುವಂತಿಲ್ಲ. ಇದು ಹೊಸ ಮಾತೇನೂ ಅಲ್ಲ. 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಪುರುಷ ಲಕ್ಷಣ, ಸ್ತ್ರೀ ಲಕ್ಷಣ ಹೇಳುವಾಗ ಕೈಯನ್ನು ಇಡೀ ದೇಹದ ಜೊತೆಗಿಟ್ಟೇ ನೋಡುತ್ತಾನೆ. 19ನೇ ಶತಮಾನದ ಫ್ರಾನ್ಸಿನಲ್ಲಿ ಈ ನೋಟ ಎರಡಾಗಿ ಒಡೆಯಿತು. ಸೈನ್ಯಾಧಿಕಾರಿಯಾಗಿದ್ದ ದಾರ್ಪಾಂತಿನ್ಯಿ ಕೈಯ ಆಕಾರಕ್ಕೆ ಒತ್ತು ಕೊಟ್ಟ, ದೆಬಾರೋಲ್ ಗೆರೆ ಮತ್ತು ಪರ್ವತಗಳಿಗೆ, ಅಂದರೆ ಅಂಗೈಯ ಉಬ್ಬುಗಳಿಗೆ, ಒತ್ತು ಕೊಟ್ಟ. ಅಮೆರಿಕದ ವಿಲಿಯಂ ಬೆನ್‌ಹ್ಯಾಮ್ 1900ರಲ್ಲಿ ತನ್ನ ಪುಸ್ತಕದಲ್ಲಿ ಎರಡನ್ನೂ ಕೂಡಿಸಲು ನೋಡಿದ. ಆದರೂ ಇವತ್ತಿಗೂ ಹೊಸಬರು ಬರೀ ಗೆರೆಗೇ ಕಣ್ಣು ನೆಡುತ್ತಾರೆ. ಹೆಚ್ಚಿನ ತಪ್ಪುಗಳು ಹುಟ್ಟುವುದು ಅಲ್ಲೇ.

ನೋಡುವ ಮುನ್ನ

ಕೈಯನ್ನು ಮುಟ್ಟುವ ಮೊದಲೇ ನೋಡಬೇಕಾದದ್ದು ಒಂದಿದೆ. ‘ಎರಡೂ ಕೈ ಮೇಜಿನ ಮೇಲಿಡಿ’ ಎಂದಷ್ಟೇ ಹೇಳಿ ಸುಮ್ಮನಾಗಿ. ಬೆರಳು ಬಿಡಿಸಿಟ್ಟರೇ, ಕೂಡಿಸಿಟ್ಟರೇ, ಹೆಬ್ಬೆರಳನ್ನು ಅಂಗೈಯೊಳಗೆ ಎಳೆದುಕೊಂಡರೇ ಎಂದು ಮೊದಲ ಎರಡು ಸೆಕೆಂಡಿನಲ್ಲೇ ನೋಡಿಕೊಳ್ಳಬೇಕು. ಅದರ ಬಗ್ಗೆ ನೀವು ಬಾಯಿ ತೆರೆದಿರೋ, ಅವರು ಎಚ್ಚೆತ್ತು ಕೈಯನ್ನು ಸರಿಮಾಡಿಕೊಳ್ಳುತ್ತಾರೆ. ಆ ಸಹಜ ಭಂಗಿ ಮತ್ತೆ ಸಿಗುವುದಿಲ್ಲ.

ಚಳಿಯಿಂದ ಈಗಷ್ಟೇ ಒಳಗೆ ಬಂದವರ ಕೈ, ಬಿಸಿನೀರಲ್ಲಿ ತೊಳೆದ ಕೈ, ಭಾರ ಹೊತ್ತು ಬಂದ ಕೈ ಇವುಗಳ ಬಣ್ಣ ನಂಬುವಂತಿಲ್ಲ. ಹತ್ತು ಹದಿನೈದು ನಿಮಿಷ ಬಿಡಿ. ಮೊಣಕೈಗೆ ಆಸರೆ ಇರಲಿ, ಅಂಗೈ ಅರ್ಧ ಬಟ್ಟಲಿನಂತೆ ಸಡಿಲವಾಗಿರಲಿ. ಬೆರಳನ್ನು ಹಿಂದಕ್ಕೆ ಜಗ್ಗಿ ಹಿಡಿದರೆ ಸಣ್ಣ ಗೆರೆಗಳು ಮಾಯವಾಗುತ್ತವೆ, ದೊಡ್ಡವು ಬಿಳಿಚಿಕೊಂಡು ತೆಳುವಾಗಿ ಕಾಣುತ್ತವೆ. ಬೆಳಕು ಪಕ್ಕದಿಂದ ಬರಬೇಕು. ನೆತ್ತಿಯ ಮೇಲಿನ ದೀಪ ಗೆರೆಯ ಆಳವನ್ನು ನುಂಗಿಹಾಕುತ್ತದೆ. ಮೂರರಿಂದ ಐದು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಅದಕ್ಕಿಂತ ಹೆಚ್ಚಾದರೆ ಚರ್ಮದ ಒಣಬಿರುಕೂ ಗೆರೆಯಂತೆ ಕಾಣುತ್ತದೆ.

ಯಾವ ಕೈ ಎಂಬ ಪ್ರಶ್ನೆ ಇದ್ದೇ ಇದೆ. ಗಂಡಿಗೆ ಬಲ, ಹೆಣ್ಣಿಗೆ ಎಡ ಎನ್ನುವುದು ಹಳೆಯ ಪದ್ಧತಿ. ಸ್ವಭಾವ ಓದುವವರಿಗೆ ಇನ್ನೊಂದು ಪದ್ಧತಿಯೇ ವಾಸಿ: ಬರೆಯುವ ಕೈ ರೂಢಿಸಿಕೊಂಡದ್ದನ್ನು ಹೇಳುತ್ತದೆ, ಮತ್ತೊಂದು ಕೈ ಹುಟ್ಟಿನಿಂದ ಬಂದದ್ದನ್ನು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಮಾತಾಡುವುದಕ್ಕೆ ಏನೋ ಇದೆ.

ಅಳತೆ

ಸಾಮಾನ್ಯ ಸ್ಕೇಲು ಸಾಕು. ಮಣಿಕಟ್ಟಿನ ಮೇಲಿನ ಗೆರೆಯಿಂದ ನಡುಬೆರಳ ಬುಡದ ಗೆರೆವರೆಗೆ ಅಂಗೈಯ ಉದ್ದ. ಹೆಬ್ಬೆರಳು ಬಿಟ್ಟು, ಅಂಗೈ ಅತಿ ಅಗಲವಾಗಿರುವ ಕಡೆ ಅಡ್ಡಳತೆ. ನಡುಬೆರಳ ಬುಡದ ಗೆರೆಯಿಂದ ತುದಿಯ ಮಾಂಸದವರೆಗೆ ಬೆರಳಿನ ಉದ್ದ. ಉಗುರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಉದ್ದ ಮತ್ತು ಅಗಲದ ನಡುವೆ ಒಂದೂವರೆ ಸೆಂಟಿಮೀಟರ್ ಒಳಗಿನ ವ್ಯತ್ಯಾಸ ಇದ್ದರೆ ಚೌಕ ಅಂಗೈ, ಹೆಚ್ಚಿದ್ದರೆ ಉದ್ದ ಅಂಗೈ. ನಡುಬೆರಳು ಅಂಗೈಯ ಮುಕ್ಕಾಲು ಭಾಗ ಮುಟ್ಟಿದರೆ ಉದ್ದ ಬೆರಳು. ಇದು ನಾವು ಕೆಲಸಕ್ಕೆ ಇಟ್ಟುಕೊಂಡ ಗಡಿ, ಬೇರೆಯವರು ತುಸು ಹೆಚ್ಚುಕಡಿಮೆ ಇಡುತ್ತಾರೆ.

ಚೌಕ ಅಂಗೈ, ಗಿಡ್ಡ ಬೆರಳು ಪೃಥ್ವಿ ಹಸ್ತ: ನೇರ, ಗಟ್ಟಿ, ಕೈಕೆಲಸದ ಮನಸ್ಸು. ಚೌಕ ಅಂಗೈ, ಉದ್ದ ಬೆರಳು ವಾಯು ಹಸ್ತ: ವಿಚಾರ, ಮಾತು, ವಾದ. ಉದ್ದ ಅಂಗೈ, ಗಿಡ್ಡ ಬೆರಳು ಅಗ್ನಿ ಹಸ್ತ: ಹುರುಪು, ಅವಸರ. ಎರಡೂ ಉದ್ದವಿದ್ದರೆ ಜಲ ಹಸ್ತ: ಬೇಗ ಕರಗುವ, ಬೇಗ ನೋಯುವ ಮನಸ್ಸು.

ಕಣ್ಣಳತೆ ಎಷ್ಟು ಮೋಸಮಾಡುತ್ತದೆ ನೋಡಿ. ಅಂಗೈ 10 ಸೆಂ.ಮೀ. ಉದ್ದ, 8.7 ಸೆಂ.ಮೀ. ಅಗಲ ಇದೆ ಎನ್ನಿ. ನಡುಬೆರಳು 7.4 ಆದರೆ ಪೃಥ್ವಿ, 7.6 ಆದರೆ ವಾಯು. ಎರಡೇ ಮಿಲಿಮೀಟರಿಗೆ ‘ಮಣ್ಣಿನ ಮನುಷ್ಯ’ ‘ಮಾತಿನ ಮನುಷ್ಯ’ ಆಗಿಬಿಟ್ಟ! ಹಾಗಾಗಿ ಗಡಿಯ ಮೇಲಿರುವ ಕೈಗೆ ಹೆಸರು ಕಟ್ಟಬೇಡಿ, ‘ಮಿಶ್ರ’ ಎಂದು ಬರೆದುಕೊಂಡು ಮುಂದೆ ಹೋಗಿ.

ಹೆಬ್ಬೆರಳು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಸ್ವಭಾವದ ಮಟ್ಟಿಗೆ ಇಡೀ ಕೈಯಲ್ಲಿ ಹೆಬ್ಬೆರಳಿಗಿಂತ ತೂಕದ ಅಂಗವಿಲ್ಲ. ಉಗುರಿರುವ ಗೆಣ್ಣು ಸಂಕಲ್ಪ, ಅದರ ಕೆಳಗಿನದು ವಿವೇಚನೆ, ಬುಡದ ಉಬ್ಬು ಅಂದರೆ ಶುಕ್ರ ಪರ್ವತ ಪ್ರೀತಿ ಮತ್ತು ಪ್ರಾಣಶಕ್ತಿ.

ಉದ್ದ ನೋಡಲು ಹೆಬ್ಬೆರಳನ್ನು ತೋರುಬೆರಳ ಪಕ್ಕಕ್ಕೆ ಒರಗಿಸಲು ಹೇಳಿ. ತುದಿಯು ತೋರುಬೆರಳ ಬುಡದ ಗೆಣ್ಣಿನ ನಡುಭಾಗ ಮುಟ್ಟಿದರೆ ಸಾಮಾನ್ಯ. ಅದನ್ನು ದಾಟಿದರೆ ಉದ್ದ, ಹಿಡಿದ ಕೆಲಸ ಬಿಡದವರು. ಅಲ್ಲಿಯವರೆಗೆ ಬರದಿದ್ದರೆ ಗಿಡ್ಡ, ಮನಸ್ಸಿನ ಅಲೆಗೆ ತಕ್ಕಂತೆ ನಡೆಯುವವರು. ಇಲ್ಲೊಂದು ಬಲೆಯಿದೆ. ಹೆಬ್ಬೆರಳು ಮಣಿಕಟ್ಟಿಗೆ ಹತ್ತಿರ, ಕೆಳಗೆ ಹುಟ್ಟಿದ್ದರೆ ಉದ್ದವಿದ್ದೂ ಗಿಡ್ಡ ಕಾಣುತ್ತದೆ. ಅದಕ್ಕೇ ಗೆಣ್ಣುಗಳನ್ನು ಬೇರೆಯಾಗಿ ಅಳೆಯಬೇಕು.

ಎರಡು ಗೆಣ್ಣುಗಳು ಹೆಚ್ಚುಕಡಿಮೆ ಸಮವಾಗಿದ್ದರೆ, ಅಥವಾ ಎರಡನೆಯದು ತುಸು ಉದ್ದವಿದ್ದರೆ, ಯೋಚನೆ ಮತ್ತು ಹಟ ಎರಡೂ ಜೋಡೆತ್ತಿನ ಹಾಗೆ ನಡೆಯುತ್ತವೆ. ಮೇಲಿನದೇ ಉದ್ದವಾದರೆ ಮೊದಲು ಮಾಡಿ ಆಮೇಲೆ ಯೋಚಿಸುವ ಬಗೆ. ಎರಡನೆಯದು ತೀರಾ ಉದ್ದವಾದರೆ ಯೋಚಿಸುತ್ತ ಕೂತು ಗಳಿಗೆ ಮೀರಿಸಿಕೊಳ್ಳುವ ಬಗೆ. ಎರಡನೇ ಗೆಣ್ಣು ನಡುವಿನಲ್ಲಿ ಸಣ್ಣಗಾಗಿ ಸೊಂಟದಂತೆ ಕಂಡರೆ ನಯ, ಎದುರಿನವರ ಮನಸ್ಸು ನೋಡಿ ಮಾತಾಡುವ ಗುಣ.

ಇನ್ನು ಮಣಿತ. ಮೇಲಿನ ಕೀಲನ್ನು ಮೆಲ್ಲಗೆ ಹಿಂದಕ್ಕೊತ್ತಿ. ಬಿಲ್ಲಿನಂತೆ ಬಾಗಿದರೆ ಉದಾರಿ, ಹೊಸ ಜಾಗಕ್ಕೆ ಹೊಂದಿಕೊಳ್ಳುವವರು, ಖರ್ಚಿಗೆ ಹಿಂದೆಮುಂದೆ ನೋಡದವರು. ಕೋಲಿನಂತೆ ನಿಂತರೆ ಮಿತಮಾತು, ಮಿತಖರ್ಚು, ಹಟ. ಹೆಬ್ಬೆರಳು ಸಹಜವಾಗಿ ತೆರೆದುಕೊಳ್ಳುವ ಕೋನವನ್ನೂ ಗಮನಿಸಿ: 45 ಡಿಗ್ರಿಗಿಂತ ಕಡಿಮೆ ಇದ್ದರೆ ಒಳಗೆ ಬಚ್ಚಿಡುವ ಸ್ವಭಾವ, 90ರ ಹತ್ತಿರ ಬಂದರೆ ಸ್ವತಂತ್ರ ಮನಸ್ಸು. ಆದರೆ ಕೇಳದೆ ಹೇಳಬೇಡಿ. ವಯಸ್ಸಾದವರಲ್ಲಿ ಹೆಬ್ಬೆರಳ ಬುಡದ ಕೀಲು ಸವೆದು ಕೋನ ಕುಗ್ಗಿರಬಹುದು, ಹಳೆಯ ಪೆಟ್ಟು ಇರಬಹುದು, ದಿನವಿಡೀ ಉಪಕರಣ ಬಿಗಿಹಿಡಿಯುವ ಕೆಲಸ ಇರಬಹುದು. ಕೀಲುಗಳು ಹೆಚ್ಚು ಬಾಗುವುದೂ ವಂಶದಿಂದ ಬರುತ್ತದೆ. ‘ಇಲ್ಲಿ ನೋವಿದೆಯೇ? ಯಾವಾಗಲಾದರೂ ಪೆಟ್ಟಾಗಿತ್ತೇ?’ ಎಂದು ಕೇಳದೆ ಹೆಬ್ಬೆರಳ ಬಗ್ಗೆ ಒಂದು ಮಾತೂ ಆಡಬಾರದು.

ಪರಂಪರೆ ಮಾಡಿದ ಒಂದು ದೊಡ್ಡ ತಪ್ಪನ್ನೂ ಇಲ್ಲೇ ಹೇಳಬೇಕು. ತುದಿಗೆಣ್ಣು ಗಿಡ್ಡವಾಗಿ, ಅಗಲವಾಗಿ, ದೊಣ್ಣೆಯಂತಿದ್ದರೆ ಹಳೆಯ ಪುಸ್ತಕಗಳು ‘ಕೊಲೆಗಾರನ ಹೆಬ್ಬೆರಳು’ ಎಂದು ಕರೆದವು. ಅದು ತುದಿಮೂಳೆ ಗಿಡ್ಡವಾಗಿ ಬೆಳೆಯುವ, ವಂಶದಲ್ಲಿ ಹರಿದುಬರುವ ಸಾಮಾನ್ಯ ದೈಹಿಕ ಲಕ್ಷಣ, ಅಷ್ಟೇ. ಅಂಥ ಬೆರಳಿನ ಎಷ್ಟೋ ಮಕ್ಕಳು ಈ ಮಾತು ಕೇಳಿ ಕೈ ಮುಚ್ಚಿಕೊಂಡಿರಬಹುದು. ಆ ಪದವನ್ನು ನಿಮ್ಮ ಬಾಯಿಂದ ಪೂರ್ತಿ ಕಿತ್ತುಹಾಕಿ.

ಉಳಿದ ಬೆರಳುಗಳು

ತೋರುಬೆರಳು ಗುರುವಿನದು: ಮುಂದಾಳುತನ, ಆತ್ಮಗೌರವ. ಉಂಗುರ ಬೆರಳು ರವಿಯದು: ಕಲೆ, ಹೆಸರಿನ ಆಸೆ, ಸಾಹಸ. ಯಾವುದು ಉದ್ದವೋ ಆ ಗುಣ ಮುಂದು. ಹೆಚ್ಚಿನವರು ಕೈಯ ಹಿಂಬದಿಯಿಂದ, ತುದಿಗಳ ಎತ್ತರ ನೋಡಿ ತೀರ್ಮಾನಿಸುತ್ತಾರೆ. ಬೆರಳುಗಳ ಬುಡ ಒಂದೇ ಸಾಲಿನಲ್ಲಿ ಇರುವುದಿಲ್ಲವಾದ್ದರಿಂದ ಅದು ತಪ್ಪು. ಅಂಗೈ ಕಡೆಯಿಂದ, ಬುಡದ ಗೆರೆಯಿಂದ ತುದಿಗೆ ಅಳೆಯಿರಿ. ಈ ಎರಡು ಬೆರಳುಗಳ ಅನುಪಾತವನ್ನು ವಿಜ್ಞಾನಿಗಳೂ ಅಧ್ಯಯನ ಮಾಡಿದ್ದಾರೆ. ಗರ್ಭದಲ್ಲಿನ ಹಾರ್ಮೋನುಗಳೊಂದಿಗೆ ಅದಕ್ಕೆ ಸಂಬಂಧವಿರಬಹುದು ಎಂದು ಜಾನ್ ಮ್ಯಾನಿಂಗ್ ಮತ್ತು ಸಂಗಡಿಗರು 1998ರಲ್ಲಿ ಪ್ರಬಂಧ ಪ್ರಕಟಿಸಿದರು. ಆ ಚರ್ಚೆ ಇನ್ನೂ ಮುಗಿದಿಲ್ಲ. ಅದು ನೂರಾರು ಜನರ ಸರಾಸರಿಯ ಮಾತು, ಎದುರಿಗೆ ಕೂತ ಒಬ್ಬರ ಸ್ವಭಾವಕ್ಕೆ ಅದನ್ನು ಪುರಾವೆಯಾಗಿ ಎಳೆದು ತರಬೇಡಿ.

ಕಿರುಬೆರಳು ಉಂಗುರ ಬೆರಳ ಮೇಲಿನ ಕೀಲಿನ ಗೆರೆ ಮುಟ್ಟಿದರೆ ಸಾಮಾನ್ಯ, ದಾಟಿದರೆ ಮಾತುಗಾರಿಕೆ. ಅದರ ಬುಡ ಉಳಿದವುಗಳಿಗಿಂತ ತೀರ ಕೆಳಗಿದ್ದರೆ ತನ್ನ ಬಗ್ಗೆ ತನಗೇ ಅನುಮಾನ ಎಂದು ಓದುತ್ತಾರೆ.

ಗಂಟು ಬೆರಳಿನ ವಿಷಯದಲ್ಲಿ ತುಂಬ ಎಚ್ಚರ ಬೇಕು. ಮೇಲಿನ ಕೀಲು ಉಬ್ಬಿದ್ದರೆ ವಿಚಾರದಲ್ಲಿ ಅಚ್ಚುಕಟ್ಟು, ಕೆಳಗಿನದು ಉಬ್ಬಿದ್ದರೆ ವಸ್ತುಗಳಲ್ಲಿ ಅಚ್ಚುಕಟ್ಟು ಎನ್ನುತ್ತದೆ ಶಾಸ್ತ್ರ. ಆದರೆ ಸಂಧಿವಾತದಲ್ಲೂ ಇದೇ ಕೀಲುಗಳಲ್ಲಿ ಗಂಟು ಬರುತ್ತದೆ. ಹುಟ್ಟುಗಂಟು ಹೆಚ್ಚುಕಡಿಮೆ ಎಲ್ಲ ಬೆರಳಲ್ಲೂ ಒಂದೇ ತೆರ ಇರುತ್ತದೆ, ನೋಯುವುದಿಲ್ಲ, ಯೌವನದಿಂದಲೂ ಇದ್ದದ್ದು. ಇತ್ತೀಚೆಗೆ ಬಂದದ್ದು, ಒತ್ತಿದರೆ ನೋಯುವುದು, ಬೆರಳನ್ನು ಸೊಟ್ಟ ಮಾಡಿದ್ದು ವೈದ್ಯರು ನೋಡಬೇಕಾದ ಗಂಟು. ಅದರಲ್ಲಿ ತತ್ತ್ವಜ್ಞಾನಿಯನ್ನು ಹುಡುಕಬೇಡಿ. ಅಂಗೈಯ ಕೆಂಪು, ಬಿಳಿಚುವಿಕೆ, ಉಗುರಿನ ಉಬ್ಬು ಇವುಗಳಿಗೂ ಇದೇ ಮಾತು. ಸಂಶಯ ಬಂದರೆ ‘ಒಮ್ಮೆ ವೈದ್ಯರಿಗೆ ತೋರಿಸಿ’ ಎಂದಷ್ಟೇ ಹೇಳಿ, ರೋಗದ ಹೆಸರು ಎತ್ತಬೇಡಿ.

ಪರ್ವತಗಳು

ಗುರು, ಶನಿ, ರವಿ, ಬುಧ ಬೆರಳುಗಳ ಬುಡದಲ್ಲಿ, ಶುಕ್ರ ಹೆಬ್ಬೆರಳ ಬುಡದಲ್ಲಿ, ಚಂದ್ರ ಅದರ ಎದುರು, ಕಿರುಬೆರಳ ಕಡೆಯ ಕೆಳಭಾಗದಲ್ಲಿ, ಕುಜ ನಡುವೆ. ಉಬ್ಬಿದ್ದೆಲ್ಲ ಬಲವಾದ ಪರ್ವತವಲ್ಲ. ಬೆರಳ ತುದಿಯಿಂದ ಒತ್ತಿ ನೋಡಿ: ಒತ್ತಿದ್ದು ಪುಟಿದು ಬಂದರೆ ಬಲ, ಹಿಟ್ಟಿನಂತೆ ಅದುಮಿಕೊಂಡರೆ ಬರೀ ಕೊಬ್ಬು. ಪರ್ವತದ ಶಿಖರ ಎಲ್ಲಿದೆ ಎಂದು ತಿಳಿಯಲು ಒಳ್ಳೆಯ ಉಪಾಯವೂ ಇದೆ. ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಬೆರಳ ಕೆಳಗೂ ಚರ್ಮದ ಸಣ್ಣ ಏಣುಗಳು ಮೂರು ದಿಕ್ಕಿನಿಂದ ಬಂದು ಕೂಡುವ ಪುಟ್ಟ ತ್ರಿಕೋನ ಸಿಗುತ್ತದೆ. ಅದೇ ಶಿಖರ. ಅದು ಪಕ್ಕದ ಬೆರಳ ಕಡೆ ವಾಲಿದ್ದರೆ ಗುಣವೂ ಆ ಕಡೆ ವಾಲುತ್ತದೆ ಎನ್ನುವುದು ಲೆಕ್ಕ.

ಗೆರೆಗಳು

ಈಗ ನಿಮ್ಮದೇ ಅಂಗೈಯನ್ನು ಸಡಿಲವಾಗಿ ಹಿಡಿಯಿರಿ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ, ಅಂಚಿನಲ್ಲಿ ಎರಡು ಗೆರೆ ಹುಟ್ಟುತ್ತವೆ. ಶುಕ್ರವನ್ನು ಸುತ್ತಿ ಕೆಳಗಿಳಿಯುವುದು ಆಯುಷ್ಯ ರೇಖೆ, ಅಂಗೈಗೆ ಅಡ್ಡ ಹೋಗುವುದು ಬುದ್ಧಿ ರೇಖೆ. ಎರಡೂ ಒಂದೇ ಗೆರೆಯಾಗಿ ಹೊರಟು ಎಲ್ಲಿ ಬೇರೆಯಾಗುತ್ತವೆ ನೋಡಿ. ತೋರುಬೆರಳ ಕೆಳಗೇ ಬೇರೆಯಾದರೆ ಹಿಡಿತದ ಎಚ್ಚರಿಕೆ. ನಡುಬೆರಳ ಕೆಳಗಿನವರೆಗೂ ಅಂಟಿಕೊಂಡೇ ಹೋದರೆ ಮನೆಯವರ ಮಾತು ದಾಟದ, ನಿರ್ಧಾರಕ್ಕೆ ಅಂಜುವ ಸ್ವಭಾವ. ಮೊದಲಿಂದಲೇ ಎರಡು ಮೂರು ಮಿಲಿಮೀಟರ್ ಬಿಟ್ಟು ಹುಟ್ಟಿದರೆ ಸ್ವಂತ ನಿರ್ಧಾರ. ಅಂತರ ಇನ್ನೂ ಅಗಲವಾದರೆ ದುಡುಕು. ಕೆಲವೊಮ್ಮೆ ಆ ಅಂತರದಲ್ಲಿ ಜೇಡರ ಬಲೆಯಂಥ ಸಣ್ಣ ಅಡ್ಡಗೆರೆಗಳಿರುತ್ತವೆ. ಬರಿಗಣ್ಣಿಗೆ ಕೂಡಿದಂತೆ ಕಂಡು ಭೂತಗನ್ನಡಿಯಲ್ಲಿ ಬೇರೆ ಕಾಣುವುದು ಇಂಥ ಕೈಯಲ್ಲೇ. ಎಷ್ಟೋ ಓದು ಇಲ್ಲೇ ತಲೆಕೆಳಗಾಗುತ್ತದೆ.

ಬುದ್ಧಿ ರೇಖೆ ನೆಟ್ಟಗೆ ಹೋದರೆ ಲೆಕ್ಕಾಚಾರ, ಚಂದ್ರ ಪರ್ವತದ ಕಡೆ ಇಳಿದರೆ ಕಲ್ಪನೆ. ಕೊನೆಯಲ್ಲಿ ಸಣ್ಣ ಕವಲೊಡೆದರೆ ಎರಡೂ ಕಡೆಯಿಂದ ನೋಡಬಲ್ಲ ಬುದ್ಧಿ. ಗಿಡ್ಡ ಬುದ್ಧಿ ರೇಖೆ ಎಂದರೆ ದಡ್ಡತನ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಒಂದೇ ವಿಷಯಕ್ಕೆ ಗಮನ ಕೊಡುವವರು ಎಂದಷ್ಟೇ ಅದರ ಓದು.

ಹೃದಯ ರೇಖೆ ಕಿರುಬೆರಳ ಕೆಳಗಿನ ಅಂಚಿನಿಂದ ಹೊರಡುತ್ತದೆ. ಮೇಲಕ್ಕೆ ಬಾಗಿ ತೋರುಬೆರಳು, ನಡುಬೆರಳ ನಡುವೆ ನಿಂತರೆ ಪ್ರೀತಿಯನ್ನು ತೋರಿಸಿಕೊಳ್ಳುವವರು. ಗುರು ಪರ್ವತದ ಮಧ್ಯಕ್ಕೆ ಹೋದರೆ ಆದರ್ಶದ ಪ್ರೀತಿ, ಅದರೊಂದಿಗೆ ದೊಡ್ಡ ನಿರೀಕ್ಷೆ. ನಡುಬೆರಳ ಕೆಳಗೇ ನಿಂತರೆ ತನ್ನ ಬೇಕು ಮೊದಲು. ಬಾಗದೆ ಅಡ್ಡಡ್ಡ ಸಾಗಿದರೆ ಭಾವನೆ ಒಳಗೆ, ಯೋಚನೆ ಹೊರಗೆ.

ಈ ಎರಡು ಅಡ್ಡಗೆರೆಗಳು ಒಂದಾಗಿ ಅಂಗೈಯ ಅಗಲಕ್ಕೂ ಒಂದೇ ಗೆರೆಯಾಗಿ ಹೋಗಿದ್ದರೆ, ಸಾಮುದ್ರಿಕ ಅದನ್ನು ತೀವ್ರ ಏಕಾಗ್ರತೆ ಎಂದು ಓದುತ್ತದೆ. ನೂರಕ್ಕೆ ಒಂದರಿಂದ ನಾಲ್ಕು ಜನರಲ್ಲಿ ಒಂದು ಕೈಯಲ್ಲಾದರೂ ಅದು ಇರುತ್ತದೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಅದು ಹೆಚ್ಚು ಕಾಣುತ್ತದೆಯಾದರೂ, ಆ ಗೆರೆಯಿರುವ ಹೆಚ್ಚಿನವರು ಪೂರ್ತಿ ಆರೋಗ್ಯವಂತರು. ಗೆರೆ ನೋಡಿ ತಾಯಂದಿರನ್ನು ಹೆದರಿಸುವ ಕೆಲಸ ಯಾರೂ ಮಾಡಬಾರದು.

ಆಯುಷ್ಯ ರೇಖೆಯ ಉದ್ದಕ್ಕೂ ಬದುಕಿನ ವರ್ಷಗಳಿಗೂ ಸಂಬಂಧ ಹಚ್ಚಬೇಡಿ. ಸ್ವಭಾವದ ಓದಿನಲ್ಲಿ ಅದು ಎಷ್ಟು ಅಗಲವಾಗಿ ಶುಕ್ರವನ್ನು ಸುತ್ತುತ್ತದೆ ಎನ್ನುವುದಷ್ಟೇ ಮುಖ್ಯ: ಅಗಲವಾದರೆ ಬೆರೆಯುವ ಹುಮ್ಮಸ್ಸು, ಹೆಬ್ಬೆರಳಿಗೆ ಅಂಟಿಕೊಂಡರೆ ಬೇಗ ದಣಿಯುವ, ಒಂಟಿತನ ಬಯಸುವ ಮನಸ್ಸು. ದ್ವೀಪ, ನಕ್ಷತ್ರ, ಜಾಲ, ಕತ್ತರಿ ಗುರುತುಗಳನ್ನು ಮೊದಲ ವರ್ಷ ನೋಡಲೇಬೇಡಿ.

ಸಾಕ್ಷಿಗಳನ್ನು ಕೂಡಿಸುವುದು

ಒಂದು ಕೈಯನ್ನು ಎದುರಿಗಿಟ್ಟುಕೊಳ್ಳೋಣ. ಹೆಬ್ಬೆರಳು ಉದ್ದ, ಮಣಿಯುವುದಿಲ್ಲ. ಬುದ್ಧಿ ರೇಖೆ ಮೂರು ಮಿಲಿಮೀಟರ್ ಬಿಟ್ಟು ಹುಟ್ಟಿದೆ. ತೋರುಬೆರಳು ಉಂಗುರ ಬೆರಳಿಗಿಂತ ಅರ್ಧ ಸೆಂಟಿಮೀಟರ್ ಗಿಡ್ಡ, ಕಿರುಬೆರಳ ಬುಡ ಕೆಳಗಿದೆ. ಬರೀ ಗೆರೆ ನೋಡಿದವರು ‘ನೀವು ಧೈರ್ಯಶಾಲಿ, ನಾಯಕ’ ಎನ್ನುತ್ತಾರೆ. ಆದರೆ ನಾಯಕತನಕ್ಕೆ ಗೆರೆಯದೊಂದೇ ಸಾಕ್ಷಿ, ಬೆರಳುಗಳು ಒಪ್ಪುತ್ತಿಲ್ಲ. ಕೂಡಿಸಿ ನೋಡಿದರೆ ಬೇರೆಯೇ ಚಿತ್ರ ಬರುತ್ತದೆ: ನಿರ್ಧಾರ ಬೇಗ, ಹಿಡಿದದ್ದು ಬಿಡುವುದಿಲ್ಲ, ಆದರೆ ಅದನ್ನು ನಾಲ್ಕು ಜನರ ಮುಂದೆ ಎತ್ತಿ ಹೇಳುವಾಗ ನಾಲಿಗೆ ತಡೆಯುತ್ತದೆ. ಇದನ್ನೂ ಕೇಳುವ ಧಾಟಿಯಲ್ಲೇ ಹೇಳಬೇಕು: ‘ನೀವು ಬೇಗ ತೀರ್ಮಾನಿಸಿ, ಆಮೇಲೆ ಅದನ್ನು ವಿವರಿಸುವುದಕ್ಕೆ ಹಿಂಜರಿಯುತ್ತೀರಾ?’ ಅವರು ಅಲ್ಲ ಎಂದರೆ ಅಲ್ಲವೆಂದೇ ಬರೆದುಕೊಳ್ಳಿ. ‘ಇಲ್ಲ, ನಿಮಗೇ ಗೊತ್ತಿಲ್ಲ’ ಎಂದು ವಾದಿಸಬೇಡಿ.

ಬರೆದುಕೊಳ್ಳಲು ಅಚ್ಚು ಬೇಕು. ಉಂಗುರ ತೆಗೆಸಿ, ಕೈ ತೊಳೆದು ಒರೆಸಿ. ನೀರಲ್ಲಿ ಹೋಗುವ ಅಚ್ಚಿನ ಮಸಿಯನ್ನು ಬಟಾಣಿ ಕಾಳಿನಷ್ಟು ಗಾಜಿನ ಮೇಲೆ ಹಾಕಿ, ರಬ್ಬರ್ ರೋಲರ್ ಅಂಟಂಟಾಗಿ ಸದ್ದುಮಾಡುವಷ್ಟು ತೆಳುವಾಗಿ ಹರಡಿ, ಮಣಿಕಟ್ಟಿನಿಂದ ಬೆರಳ ತುದಿಗೆ ಸವರಿ. ಮಸಿ ಹೆಚ್ಚಾದರೆ ಗೆರೆಯೊಳಗೆ ಇಳಿದು ಎಲ್ಲವೂ ಒಂದೇ ಕಪ್ಪು. ಎ4 ಹಾಳೆಯ ಕೆಳಗೆ, ಅಂಗೈಯ ಗುಳಿ ಬರುವ ಕಡೆ, ಮಡಿಸಿದ ಬಟ್ಟೆ ಇಡಿ. ಇಲ್ಲದಿದ್ದರೆ ನಡುಭಾಗ ಬಿಳಿಯಾಗಿ ಉಳಿಯುತ್ತದೆ. ಕೈ ಊರಿದ ಮೇಲೆ ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆದು, ಹಾಳೆಯನ್ನು ಮಣಿಕಟ್ಟಿನಿಂದ ಸುಲಿದಂತೆ ಬಿಡಿಸಿ. ತಾರೀಖು, ವಯಸ್ಸು, ಬರೆಯುವ ಕೈ ಯಾವುದು ಎಂದು ಕೆಳಗೆ ಬರೆಯಿರಿ. ಮೊಬೈಲ್ ಚಿತ್ರ ತೆಗೆಯುವುದಾದರೆ ಅರ್ಧ ಮೀಟರಿಗಿಂತ ದೂರದಿಂದ, ಅಂಗೈಗೆ ನೇರವಾಗಿ ತೆಗೆಯಿರಿ. ಹತ್ತಿರದಿಂದ ತೆಗೆದರೆ ಕ್ಯಾಮೆರಾ ಕಡೆಗಿರುವ ಬೆರಳು ಉದ್ದ ಕಾಣುತ್ತದೆ, ಅಳತೆಯೆಲ್ಲ ಕೆಡುತ್ತದೆ.

ಇನ್ನುಳಿದದ್ದು ನಮ್ಮ ಮಾತಿನ ಪರೀಕ್ಷೆ. ‘ಹೊರಗೆ ಗಟ್ಟಿ, ಒಳಗೆ ಮೃದು’, ‘ಕೆಲವೊಮ್ಮೆ ನಿಮ್ಮ ನಿರ್ಧಾರದ ಬಗ್ಗೆ ನಿಮಗೇ ಅನುಮಾನ’, ಇಂಥ ವಾಕ್ಯ ಯಾವ ಕೈಗೂ ಸಲ್ಲುತ್ತದೆ. ಮನೋವಿಜ್ಞಾನಿ ಬರ್ಟ್ರಂ ಫೋರರ್ 1948ರಲ್ಲಿ 39 ವಿದ್ಯಾರ್ಥಿಗಳಿಗೆ ಅವರವರ ವ್ಯಕ್ತಿತ್ವದ ವರದಿ ಎಂದು ಹೇಳಿ ಎಲ್ಲರಿಗೂ ಒಂದೇ ಬರಹ ಕೊಟ್ಟ. ಅದು ತಮಗೆ ಎಷ್ಟು ಹೊಂದುತ್ತದೆ ಎಂಬುದಕ್ಕೆ ಅವರು ಕೊಟ್ಟ ಸರಾಸರಿ ಅಂಕ 5ಕ್ಕೆ 4.26. ಅಮೆರಿಕದ ರೇ ಹೈಮನ್ ಯುವಕನಾಗಿದ್ದಾಗ ಕೈ ನೋಡುತ್ತಿದ್ದವನು. ಗೆರೆ ಹೇಳುವುದಕ್ಕೆ ತದ್ವಿರುದ್ಧವಾಗಿ ಹೇಳಿ ನೋಡಿದಾಗಲೂ ಜನ ಅಷ್ಟೇ ಸಮಾಧಾನದಿಂದ ತಲೆದೂಗಿದರು. ಮುಂದೆ ಅವನು ಮನೋವಿಜ್ಞಾನದ ಪ್ರಾಧ್ಯಾಪಕನಾದ. ಎದುರಿಗಿದ್ದವರು ಹೌದೆಂದರು ಎನ್ನುವುದು ನಮ್ಮ ಓದು ಸರಿ ಎನ್ನುವುದಕ್ಕೆ ಸಾಕ್ಷಿಯಲ್ಲ.

ಹಾಗಾಗಿ ಹೀಗೆ ಮಾಡಿ. ಹನ್ನೆರಡು ಜನರ ಅಚ್ಚು ತೆಗೆದು, ಪ್ರತಿಯೊಂದಕ್ಕೂ ಎಂಟು ಹತ್ತು ವಾಕ್ಯದ ಓದು ಬರೆಯಿರಿ, ಹೆಸರು ಹಾಕಬೇಡಿ. ಪ್ರತಿಯೊಬ್ಬರಿಗೂ ಮೂರು ಹಾಳೆ ಕೊಡಿ: ಅವರದು ಒಂದು, ಬೇರೆಯವರದು ಎರಡು. ತಮ್ಮದು ಯಾವುದೆಂದು ಆರಿಸಲಿ. ಹಾಳೆ ಹಂಚುವವರಿಗೂ ಯಾವುದು ಯಾರದೆಂದು ಗೊತ್ತಿರಬಾರದು, ಮುಖದ ಭಾವವೇ ಉತ್ತರ ಹೇಳಿಬಿಡುತ್ತದೆ. ಕಣ್ಣುಮುಚ್ಚಿ ಆರಿಸಿದರೂ ಸರಾಸರಿ ನಾಲ್ವರದು ಸರಿಹೋಗುತ್ತದೆ. ನಿಮಗೆ ಬಂದದ್ದು ನಾಲ್ಕೋ ಐದೋ ಆದರೆ ಹಾಳೆಗಳನ್ನು ಮತ್ತೆ ಮೇಜಿನ ಮೇಲೆ ಹರಡಿ, ತಪ್ಪು ಹಾಳೆ ಆರಿಸಿದವರು ‘ಇದು ನಾನೇ’ ಎಂದು ಬೆರಳಿಟ್ಟು ತೋರಿಸಿದ ವಾಕ್ಯಗಳನ್ನು ಗುರುತುಮಾಡಿ. ಅವನ್ನು ಕೆಂಪು ಮಸಿಯಲ್ಲಿ ಹೊಡೆದುಹಾಕಿ, ಮುಂದಿನ ಹನ್ನೆರಡು ಕೈಗಳನ್ನು ಆ ವಾಕ್ಯಗಳಿಲ್ಲದೆ ಬರೆಯಿರಿ.